ಮೂರನೇ ಮಹಡಿಗೆ ಹೋದ ಸೈಕಲ್

ಜೂನ್ ತಿಂಗಳ ಮೂರನೇ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ವಾಯೊಲೆಟ್ ಸಿಕ್ವೇರಾ ಸೈಕಲ್ ಕಲಿಯುತ್ತಿದ್ದರು. ಅವರ ವಯಸ್ಸು ಐವತ್ತನಾಲ್ಕು. ಮೈಮೇಲೆ ಕಡುನೀಲಿ ಬಣ್ಣದ ದಪ್ಪ ಬಟ್ಟೆಯ ನಿಲುವಂಗಿ, ಕತ್ತಿನಿಂದ ಮೊಣಕಾಲಿನವರೆಗೆ. ಬಹರೈನಿನ ಕನ್ನಡಿಗರ ಸಂಘದ ಕಟ್ಟಡದ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಒಂದು ಮರವೂ ಇರಲಿಲ್ಲ, ಬಿಸಿಲು ನಲವತ್ತೆರಡು ಡಿಗ್ರಿ ಇತ್ತು. ಗಂಡ ರೊಕಿ ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡು ಓಡುತ್ತಿದ್ದರು.

"ಬಿಡ್ಬೇಡ ಹಾಂ."

"ಬಿಡ್ಲಿಲ್ಲ ಮಾರಾಯ್ತಿ. ನೀನು ಮುಂದೆ ನೋಡು. ನನ್ನನ್ನು ಮೂವತ್ತು ವರ್ಷ ನೋಡಿದ್ದು ಸಾಕು."

"ಈ ಕಂಬಳಿ ಚಕ್ರಕ್ಕೆ ಸಿಕ್ಕಿದ್ರೆ ನಾನು ಖಲಾಸ್."

"ಸಿಕ್ಕಿದ್ರೆ ಒಳ್ಳೇದೇ. ಕಂಬಳಿ ಹರೀತದೆ, ನಾವು ಮನೆಗೆ ಹೋಗುವ."

ಸ್ವಲ್ಪ ದೂರದಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡ ಕಾರಿನೊಳಗೆ ನೀರಜಾಕ್ಷಿ ಕುಳಿತಿದ್ದರು. ಎಸಿಯ ತಂಪು ಹೊರಗೆ ಹೋಗದ ಹಾಗೆ ಗಾಜನ್ನು ನಾಲ್ಕು ಬೆರಳಿನಷ್ಟೇ ಇಳಿಸಿ ಅವರು ಹೇಳಿದರು: "ಸಿಸ್ಟರ್, ಸ್ವಲ್ಪ ನಗುಮುಖ ಇರ್ಲಿ. ಆ ಕಾಲದ ನರ್ಸುಗಳು ಎಷ್ಟು ಚಂದ ನಗ್ತಿದ್ರು ಗೊತ್ತುಂಟಾ?"

ಆ ಕಾಲ ಎಂದರೆ ನೂರು ವರ್ಷಕ್ಕೂ ಹಿಂದಿನ ಇಂಗ್ಲೆಂಡಿನದು. ನೀರಜಾಕ್ಷಿಯ ಗಂಡ ವಸಂತಕುಮಾರರಿಗೆ ಕಟ್ಟಡ ಸಾಮಗ್ರಿಯ ವ್ಯಾಪಾರ, ರಿಫಾದಲ್ಲಿ ವಿಲ್ಲಾ, ಮೂರನೇ ಅವಧಿಗೂ ಸಂಘದ ಅಧ್ಯಕ್ಷತೆ. ಗಂಡನ ಜೊತೆ ಲಂಡನ್ನಿಗೆ ಹೋಗಿದ್ದಾಗ ಹೋಟೆಲಿನ ಮೊಗಸಾಲೆಯಲ್ಲಿ ಒಂದು ಚಿತ್ರಪುಸ್ತಕ ನೀರಜಾಕ್ಷಿಯ ಕೈಗೆ ಸಿಕ್ಕಿತ್ತು. ಕಾರ್ಖಾನೆ ಊರುಗಳ ಇಕ್ಕಟ್ಟು ಗಲ್ಲಿಗಳಲ್ಲಿ ಚೀಲ ಕಟ್ಟಿಕೊಂಡು ಸೈಕಲ್ ತುಳಿಯುವ ನರ್ಸುಗಳು, ಬಡವರ ಮಕ್ಕಳ ತೂಕ ನೋಡುವ ತಾಯಿ-ಮಗು ಕೇಂದ್ರಗಳು, ಆ ಕೇಂದ್ರಗಳ ಸಮಿತಿಯಲ್ಲಿ ಹ್ಯಾಟು ಧರಿಸಿ ಕುಳಿತ ದೊಡ್ಡ ಮನೆಗಳ ಹೆಂಗಸರು, ದಷ್ಟಪುಷ್ಟ ಮಗುವಿಗೆ ಬಹುಮಾನ. ಹುಟ್ಟಿದ ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದ ಕಾಲದಲ್ಲಿ ಆ ನರ್ಸುಗಳು ಮನೆಮನೆಗೆ ಹೋಗಿ ಮಾಡಿದ ಕೆಲಸ ದೊಡ್ಡದು. ಹೋಗಿ ಏನು ಮಾಡುತ್ತಿದ್ದರು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಕಾಣುವುದು ಮೂರು: ಸಮಿತಿ, ನಿಲುವಂಗಿ, ಸೈಕಲ್. ಬಹರೈನಿಗೆ ಮರಳಿದ ನೀರಜಾಕ್ಷಿ ಮೂರನ್ನೂ ಒಂದೇ ವಾರದಲ್ಲಿ ಒದಗಿಸಿದರು. ಸಮಿತಿಗೆ 'ತಾಯಿ ಮಗು ಕ್ಷೇಮ ಸಮಿತಿ' ಎಂದು ಹೆಸರಿಟ್ಟರು. ನಿಲುವಂಗಿಯನ್ನು ಮನಾಮದ ದರ್ಜಿ ಪರದೆಯ ಬಟ್ಟೆಯಲ್ಲಿ ಹೊಲಿದುಕೊಟ್ಟ.

ಪುಸ್ತಕದಲ್ಲಿದ್ದ ಸಲಹೆಗಳನ್ನು ಕನ್ನಡಕ್ಕೆ ತಂದು ಕರಪತ್ರವನ್ನೂ ಅಚ್ಚು ಹಾಕಿಸಲಾಯಿತು. 'ಕಿಟಕಿಗಳನ್ನು ದಿನವಿಡೀ ತೆರೆದಿಡಿ. ಮಗುವನ್ನು ಬಿಸಿಲಿನಲ್ಲಿ ಮಲಗಿಸಿ. ಕಲ್ಲಿದ್ದಲಿನ ಹೊಗೆ ತೊಟ್ಟಿಲಿಗೆ ತಾಗದಂತೆ ನೋಡಿಕೊಳ್ಳಿ.' ಸಂಘದ ಕಾರ್ಯದರ್ಶಿ ವಿಖ್ಯಾತ್ ಬೆಂಗಳೂರಿನ ಹುಡುಗ, ಕನ್ನಡ ಚೆನ್ನಾಗಿ ಬಲ್ಲವನು. ಕರಡನ್ನು ಎರಡು ಸಲ ಓದಿ ಒಂದು ಒತ್ತಕ್ಷರ ತಿದ್ದಿದ.

ಈ ಎಲ್ಲದಕ್ಕೂ ಒಬ್ಬ ನರ್ಸ್ ಬೇಕಿತ್ತು. ವಾಯೊಲೆಟ್ ಹೇಗೂ ಇದ್ದರು.

ವಾಯೊಲೆಟ್ ಶಿರ್ವದವರು. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಅಲ್ಲೇ ನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು, ಇಪ್ಪತ್ತೇಳು ವರ್ಷದ ಹಿಂದೆ ಬಹರೈನಿಗೆ ಬಂದರು. ಮನಾಮದ ಹೂರಾ ಬಡಾವಣೆಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಬೆಳಿಗ್ಗೆ ಐದು ತಾಸು, ಸಂಜೆ ನಾಲ್ಕು ತಾಸು ಕೆಲಸ. ಮಗಳು ಮೆಲಿಸ್ಸಾಳಿಗೆ ಮನಾಮದಲ್ಲೇ ನೌಕರಿ, ಮಗ ಆರನ್ ಈಸಾ ಟೌನಿನ ಶಾಲೆಯಲ್ಲಿ ಕೊನೆಯ ವರ್ಷ. ರೊಕಿಗೆ ಒಂದು ಹೋಟೆಲಿನ ಉಗ್ರಾಣದ ಉಸ್ತುವಾರಿ.

ಬಾಣಂತಿಯರ ಮನೆಗೆ ಹೋಗುವ ಕೆಲಸವನ್ನು ಯಾರೂ ಅವರಿಗೆ ಒಪ್ಪಿಸಿದ್ದಲ್ಲ. ಒಂದು ದಿನ ಕೆಳಗಿನ ಮನೆಯ ಹುಡುಗಿ ಎಂಟು ದಿನದ ಮಗುವನ್ನು ಎತ್ತಿಕೊಂಡು ಬಂದು, ಹಾಲು ಕುಡಿಯುತ್ತಿಲ್ಲ ಎಂದು ಬಾಗಿಲಲ್ಲೇ ಅತ್ತಿದ್ದಳು. ಊರಿನಲ್ಲಾದರೆ ಇಂಥ ಹೊತ್ತಿಗೆ ತಾಯಿ, ದೊಡ್ಡಮ್ಮ, ನೆರೆಮನೆಯವರು ಇರುತ್ತಾರೆ. ಇಲ್ಲಿ ಲಿಫ್ಟು ಮಾತ್ರ. ಆ ಹುಡುಗಿ ತನ್ನ ಗೆಳತಿಗೆ ನಂಬರ್ ಕೊಟ್ಟಳು, ಗೆಳತಿ ಇನ್ನೊಬ್ಬಳಿಗೆ ಕೊಟ್ಟಳು. ಹೀಗೆ ಹದಿನೆಂಟು ವರ್ಷದಿಂದ ಶುಕ್ರವಾರದ ರಜೆಯಲ್ಲಿ ಚರ್ಚಿನ ಪೂಜೆ ಮುಗಿಸಿ ವಾಯೊಲೆಟ್ ಎರಡೋ ಮೂರೋ ಮನೆಗೆ ಹೋಗುತ್ತಾರೆ. ತೂಕದ ಯಂತ್ರ ಗಾಲಿ ಇರುವ ಸಣ್ಣ ಪೆಟ್ಟಿಗೆಯಲ್ಲಿ, ರೊಕಿ ಕೆಳಗೆ ಕಾರಿನಲ್ಲಿ.

ಅವರಲ್ಲಿ ಒಂದು ದೋಷವಿತ್ತು. ಅವರು ವಿವರಿಸುತ್ತಿದ್ದರು. ನಿಜವಾದ ಸಂಗತಿಯನ್ನು ಕಾರಣ ಸಮೇತ ಮೂರು ಸಲ ಹೇಳಿದರೆ ಕೇಳಿದವರು ಹಾಗೆಯೇ ನಡೆದುಕೊಳ್ಳುತ್ತಾರೆ ಎಂಬ ನಂಬಿಕೆ ಹದಿನೆಂಟು ವರ್ಷವಾದರೂ ಸವೆದಿರಲಿಲ್ಲ. ಒಮ್ಮೆ ಕಾಡಿಗೆಯ ಬಗ್ಗೆ ಒಂದು ಮನೆಯಲ್ಲಿ ಮುಕ್ಕಾಲು ಗಂಟೆ ಮಾತಾಡಿ ಹೊರಬಂದು, ಬಿಟ್ಟುಬಂದ ಚಾಳೀಸಿಗಾಗಿ ತಿರುಗಿ ಹೋದಾಗ, ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದರು.

"ನೀನು ಹೇಳಿದ್ದಕ್ಕೆ ಅವರು ಎಂಥ ಹೇಳಿದ್ರು?" ಎಂದು ಆ ದಿನ ರೊಕಿ ಕೇಳಿದ್ದರು.

"ಹೌದು ಸಿಸ್ಟರ್ ಅಂದ್ರು."

"ಹಾಗಾದ್ರೆ ಖಂಡಿತ ಮಾಡುವುದಿಲ್ಲ."

ಸೈಕಲ್ ಕಲಿತ ಆ ಶುಕ್ರವಾರ ಹನ್ನೆರಡೂವರೆಗೆ ವಾಯೊಲೆಟ್ ಹೂರಾದ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿದ್ದರು. ಅದು ಪ್ರೇರಣಾಳ ಮನೆ. ಹೆತ್ತು ಇಪ್ಪತ್ತೆರಡು ದಿನ, ಗಂಡುಮಗು. ಗಂಡ ಯತೀಶ ಪಕ್ಕದ ಬೀದಿಯ ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೌಂಟರಿನಲ್ಲಿ ನಿಲ್ಲುತ್ತಾನೆ. ಬಾಣಂತನಕ್ಕೆಂದು ಅವನ ತಾಯಿ ಕುಸುಮಾವತಿ ಮೂಲ್ಕಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು.

ಕೋಣೆಯ ಕಿಟಕಿ ಮುಚ್ಚಿತ್ತು, ಬಾಗಿಲು ಮುಚ್ಚಿತ್ತು, ಎಸಿ ಬಂದಾಗಿತ್ತು. ಪ್ರೇರಣಾಳ ತಲೆಗೆ, ಕಿವಿಗೆ ಬಟ್ಟೆ ಸುತ್ತಿತ್ತು. ತುಟಿ ಒಡೆದಿತ್ತು. ಮಗುವಿಗೆ ಉಣ್ಣೆಯ ಅಂಗಿ, ಅದರ ಮೇಲೆ ಟೊಪ್ಪಿ, ಅದರ ಮೇಲೆ ಹೊದಿಕೆ. ಅದು ಅಳುತ್ತಿರಲಿಲ್ಲ, ನಿದ್ದೆ ಮಾಡುತ್ತಿತ್ತು. ಮೊಲೆಗೆ ಹಿಡಿದರೆ ನಾಲ್ಕು ಸಲ ಚೀಪಿ ಪುನಃ ನಿದ್ದೆ.

ಬಟ್ಟೆ ಬಿಚ್ಚಿ ತೂಗಿದರು. ಎರಡು ಕಿಲೋ ಎಂಟುನೂರ ನಲವತ್ತು. ಹುಟ್ಟಿದಾಗ ಮೂರು ಕಿಲೋದ ಮೇಲಿತ್ತು. ಹುಟ್ಟಿದ ಮಗು ಮೊದಲ ವಾರ ಸ್ವಲ್ಪ ಇಳಿಯುತ್ತದೆ, ಎರಡನೇ ವಾರದ ಕೊನೆಗೆ ಹುಟ್ಟಿದ ತೂಕಕ್ಕೆ ಬರಬೇಕು. ಇದು ಬಂದಿರಲಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರು ಹೇಳಿ ಕಳಿಸಿದ್ದರು: ಬರುವ ಗುರುವಾರದೊಳಗೆ ಏರದಿದ್ದರೆ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕು.

"ಸಿಸ್ಟರ್," ಎಂದು ಪ್ರೇರಣಾ ಅತ್ತೆಗೆ ಕೇಳದ ಹಾಗೆ ಕೇಳಿದಳು, "ಮಗುವನ್ನು ಅಡ್ಮಿಟ್ ಮಾಡಿದ್ರೆ ನನ್ನನ್ನು ಒಳಗೆ ಬಿಡ್ತಾರಾ?"

ವಾಯೊಲೆಟ್ ಕುಸುಮಾವತಿಯ ಕಡೆ ತಿರುಗಿದರು. "ಅಮ್ಮ, ಎಸಿ ಯಾಕೆ ಹಾಕಿಲ್ಲ?"

"ಬಾಣಂತಿಗೆ ಗಾಳಿ ಆಗ್ತದಾ ಬಾಯಮ್ಮ? ನೀವೂ ಹೆತ್ತವರಲ್ವಾ?"

"ಹೆತ್ತದ್ದು ಎರಡು. ಎರಡೂ ಇಲ್ಲೇ, ಎಸಿಯಲ್ಲೇ."

"ಅದಕ್ಕೇ ನಿಮಗೆ ಸೊಂಟ ನೋವು. ಬರುವಾಗಲೇ ನೋಡಿದೆ ನಾನು, ಹಿಡ್ಕೊಂಡು ನಡೀತಿದ್ರಿ."

ಸೊಂಟ ನೋವಿದ್ದದ್ದು ನಿಜ. ಅದು ಬೆಳಗಿನ ಸೈಕಲ್ಲಿನದು ಎಂದು ಹೇಳುವ ಹಾಗಿರಲಿಲ್ಲ.

"ನೀರು ಎಷ್ಟು ಕೊಡ್ತೀರಿ ಇವಳಿಗೆ?"

"ನೀರು ಕುಡಿದ್ರೆ ಹೊಟ್ಟೆ ಬರ್ತದೆ. ಬೆಳಿಗ್ಗೆ ಒಂದು ಲೋಟ ಕಷಾಯ, ರಾತ್ರಿ ಒಂದು ಲೋಟ. ಅಷ್ಟು ಸಾಕು."

ವಾಯೊಲೆಟ್ ವಿವರಿಸತೊಡಗಿದರು. ಈ ಸೆಕೆಯಲ್ಲಿ ಮೈಯಿಂದ ಎಷ್ಟು ನೀರು ಹೋಗುತ್ತದೆ, ತಾಯಿ ಬಾಡಿದರೆ ಹಾಲು ಹೇಗೆ ಕಡಿಮೆಯಾಗುತ್ತದೆ, ಮೈ ಬಿಸಿಯಾದ ಮಗು ಯಾಕೆ ತೂಕಡಿಸುತ್ತದೆ, ತೂಕಡಿಸುವ ಮಗು ಯಾಕೆ ಕುಡಿಯುವುದಿಲ್ಲ. ಎಲ್ಲವೂ ಸರಿಯಾಗಿತ್ತು. ಮೂರು ಶುಕ್ರವಾರ ಅವರು ಹೇಳುತ್ತಿದ್ದದ್ದೂ ಇದನ್ನೇ. ಕುಸುಮಾವತಿ ಪೂರ್ತಿ ಕೇಳಿದರು. ಆಮೇಲೆ ತಲೆಬಾಗಿಲ ಕಡೆ ನೋಡುತ್ತ ಹೇಳಿದರು:

"ನನ್ನ ತಂಗಿ ಹೆತ್ತ ಹನ್ನೆರಡನೇ ದಿನ ಸೆಕೆ ಅಂತ ಚಾವಡಿಯಲ್ಲಿ ಗಾಳಿಗೆ ಮಲಗಿದಳು. ಸನ್ನಿ ಆಯ್ತು. ಮೂರು ದಿನ ಯಾರದ್ದೂ ಗುರ್ತ ಸಿಗ್ಲಿಲ್ಲ. ಮತ್ತೆ ಏಳ್ಲೇ ಇಲ್ಲ."

"ಅದು ಗಾಳಿಯಿಂದ ಆದದ್ದಲ್ಲಮ್ಮ. ಒಳಗೆ ನಂಜಾಗಿ ಜ್ವರ..."

"ನೀವು ಇದ್ರಾ ಅಲ್ಲಿ?"

ವಾಯೊಲೆಟ್ ಅಲ್ಲಿರಲಿಲ್ಲ. ಪೆಟ್ಟಿಗೆ ಎಳೆದುಕೊಂಡು ಕೆಳಗೆ ಬಂದರು. ಅದನ್ನು ಹಿಂದಿನ ಸೀಟಿಗೆ ಹಾಕಿ ಕಾರಿನಲ್ಲಿ ಕುಳಿತರು.

"ಹೌದು ಸಿಸ್ಟರ್ ಅಂದ್ರಾ?" ಎಂದು ರೊಕಿ ಕೇಳಿದರು.

"ಅದೂ ಅನ್ಲಿಲ್ಲ."

ಅದೇ ಸಂಜೆ ನೀರಜಾಕ್ಷಿಯ ಫೋನ್ ಬಂತು. ಸಮಿತಿಯ ಉದ್ಘಾಟನೆಗೆ ದೊಡ್ಡ ಬ್ಯಾನರ್ ಆಗಬೇಕು, ಅದಕ್ಕೊಂದು ಫೋಟೊ ಬೇಕು. ನಿಜವಾದ ಬಾಣಂತಿ, ನಿಜವಾದ ಮನೆ, ಪಕ್ಕದಲ್ಲಿ ನಿಲುವಂಗಿ ತೊಟ್ಟ ಸಿಸ್ಟರ್, ಸೈಕಲ್. "ನಾಳೆ ಮಧ್ಯಾಹ್ನ ಎರಡು ಗಂಟೆಗೆ ನಾನೂ ಬರ್ತೇನೆ. ಯಾವ ಮನೆ ಅಂತ ನೀವೇ ಹೇಳಿ." ವಾಯೊಲೆಟ್ ಬಾಣಂತಿಯರ ಮನೆಗೆ ಸಮಿತಿಯನ್ನು ಕರೆದೊಯ್ಯುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದರು. ಆದರೆ ಶನಿವಾರ ಆ ಮನೆಗೆ ಪುನಃ ಹೋಗಲು ಒಂದು ನೆಪ ಬೇಕಿತ್ತು. ಪ್ರೇರಣಾಳಿಗೆ ಫೋನ್ ಮಾಡಿ ಕೇಳಿದರು. "ಯಾರಾದ್ರೂ ಬರ್ಲಿ ಸಿಸ್ಟರ್," ಎಂದಳು ಅವಳು. "ಬಾಗಿಲು ತೆರೆದಷ್ಟು ಹೊತ್ತು ಗಾಳಿ ಆದ್ರೂ ಬರ್ತದೆ."

ಶನಿವಾರ ಎರಡಕ್ಕೆ ಹೂರಾದ ಆ ಕಟ್ಟಡದ ಲಿಫ್ಟಿನಲ್ಲಿ ಸೈಕಲ್ ಅಡ್ಡಡ್ಡ ಹಿಡಿಯಲಿಲ್ಲ. ವಿಖ್ಯಾತ್ ಅದನ್ನು ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾ ಸಮೇತ ಅದಕ್ಕೆ ಆತುಕೊಂಡು ಮೇಲೆ ಹೋದ. ಎರಡನೇ ಸಲ ನೀರಜಾಕ್ಷಿ ಒಬ್ಬರೇ ಹೋದರು, ಸೀರೆ ಮುದುಡಬಾರದಲ್ಲ. ವಾಯೊಲೆಟ್ ನಿಲುವಂಗಿ ಎತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ನೀರಜಾಕ್ಷಿಯದು ಜರಿ ತುಂಬಿದ ಧರ್ಮಾವರಂ ಸೀರೆ, ಮುಖಕ್ಕೆ ಫೋಟೊಗೆಂದು ಮಾಡಿಸಿಕೊಂಡ ಅಲಂಕಾರ. ಕೋಣೆಯೊಳಗೆ ಕಾಲಿಟ್ಟ ಎರಡನೇ ನಿಮಿಷಕ್ಕೆ ಆ ಅಲಂಕಾರ ಗಲ್ಲದ ಮೇಲೆ ಇಳಿಯತೊಡಗಿತು. ಐದನೇ ನಿಮಿಷಕ್ಕೆ ಅವರು ಮಂಚದ ಅಂಚಿನಲ್ಲಿ ಕುಳಿತುಬಿಟ್ಟರು.

"ಕುಸುಮಕ್ಕ, ನಿಮ್ಮ ಎಸಿ ಹಾಳಾಗಿದೆಯಾ? ನಮ್ಮ ಯಜಮಾನ್ರ ಹತ್ರ ಹೇಳಿ ಈಗಲೇ ಜನ ಕಳಿಸ್ತೇನೆ."

ಕುಸುಮಾವತಿಯ ಮುಖ ಸಣ್ಣದಾಯಿತು. ಪರವೂರಿಗೆ ಬಂದು ಮಗನ ಮನೆಯಲ್ಲಿ ಎಸಿ ಹಾಳಾಗಿದೆ ಎನಿಸಿಕೊಳ್ಳುವುದು, ಅದೂ ಇಷ್ಟು ದೊಡ್ಡವರಿಂದ. "ಹಾಳಾದದ್ದಲ್ಲ ಅಮ್ಮ," ಎಂದರು. "ಬಂದ್ ಮಾಡಿದ್ದಷ್ಟೆ." ಮನೆಗೆ ಬಂದವರನ್ನು ಬೆವರಿಸುವುದು ಅವರ ಸಂಪ್ರದಾಯದಲ್ಲಿರಲಿಲ್ಲ. ಗುಂಡಿ ಒತ್ತಿದರು. ಮೂರು ವಾರದ ಮೇಲೆ ಎಸಿ ಕೆಮ್ಮಿ, ಶುರುವಾಯಿತು. ಸೊಸೆಯ ತಲೆಬಟ್ಟೆಯನ್ನು ಒಮ್ಮೆ ಬಿಗಿಮಾಡಿ, ಒಳಗೆ ಹೋಗಿ, ಊರಿನಿಂದ ತಂದ ಓಲೆಬೆಲ್ಲದ ತುಂಡು, ದೊಡ್ಡ ಲೋಟದಲ್ಲಿ ನೀರು ತಂದು ನೀರಜಾಕ್ಷಿಯ ಮುಂದಿಟ್ಟರು. ಬಂದವರಿಗೆ ಮೊದಲು ಬೆಲ್ಲ ನೀರು, ಮಾತು ಆಮೇಲೆ.

ನೀರಜಾಕ್ಷಿ ಲೋಟ ಎತ್ತಿದರು. ಎದುರಿಗೆ ಪ್ರೇರಣಾ ಆ ಲೋಟವನ್ನೇ ನೋಡುತ್ತಿದ್ದಳು. ಅವರು ಲೋಟ ಕೆಳಗಿಟ್ಟರು.

"ಇವಳಿಗೆ?"

"ಅವಳಿಗೆ ಕಷಾಯ ಆಗಿದೆ."

"ಅಯ್ಯೋ ಕುಸುಮಕ್ಕ, ಹಾಲೂಡುವ ತಾಯಿ ನೋಡ್ತಾ ಕೂತಿರುವಾಗ ನಾನೊಬ್ಬಳೇ ಗಟಗಟ ಕುಡಿಯುವುದಾ? ದೃಷ್ಟಿ ಆಗ್ತದೆ. ಹಾಲು ಬತ್ತಿಹೋಗ್ತದೆ. ನನ್ನ ಅಜ್ಜಿ ಇದ್ದಾಗ ಬಾಣಂತಿ ಕುಡಿಯದೆ ನಮಗೆ ಯಾರಿಗೂ ನೀರು ಮುಟ್ಟಲಿಕ್ಕೆ ಬಿಡ್ತಿರ್ಲಿಲ್ಲ."

ವಾಯೊಲೆಟ್ ಬಾಯಿ ತೆರೆದರು. ದೃಷ್ಟಿಗೂ ಹಾಲಿಗೂ ಸಂಬಂಧವಿಲ್ಲ. ಈ ವಿಷಯದಲ್ಲಿ ಅವರ ಬಳಿ ಸಿದ್ಧವಾದ ವಿವರಣೆಯೇ ಇತ್ತು, ಸುಮಾರು ಹದಿನೈದು ನಿಮಿಷದ್ದು. ಕುಸುಮಾವತಿ ಒಳಗೆ ಹೋಗಿ ಇನ್ನೊಂದು ಲೋಟ ತರುವುದು ಕಾಣಿಸಿತು. ವಾಯೊಲೆಟ್ ಬಾಯಿ ಮುಚ್ಚಿದರು.

ಪ್ರೇರಣಾ ಲೋಟದ ಅಂಚನ್ನು ಹಲ್ಲಿಗೆ ತಾಗಿಸಿಕೊಂಡು ಒಂದೇ ಉಸಿರಿಗೆ ಕುಡಿದಳು. ನೀರಜಾಕ್ಷಿ ತನ್ನ ಲೋಟವನ್ನೂ ಅವಳ ಕಡೆ ತಳ್ಳಿದರು. "ನೀನು ಕುಡಿ ಮಗಾ, ನನಗೆ ಪುನಃ ಕೊಡ್ತಾರೆ."

ಕೋಣೆ ತಣ್ಣಗಾಯಿತು. ಫೋಟೊದಲ್ಲಿ ಮಗುವಿನ ಮುಖ ಕಾಣಬೇಕೆಂದು ವಿಖ್ಯಾತ್ ಹೇಳಿದ್ದರಿಂದ ಟೊಪ್ಪಿಯೂ ಉಣ್ಣೆ ಅಂಗಿಯೂ ಹೋದವು. ಮೂರು ವಾರದಲ್ಲಿ ಮೊದಲ ಬಾರಿಗೆ ಮಗು ಗಂಟಲು ಬಿರಿಯುವ ಹಾಗೆ ಅತ್ತಿತು, ಅತ್ತದ್ದರಿಂದ ಮೊಲೆಗೆ ಹಿಡಿದರು, ಹಿಡಿದದ್ದನ್ನು ಅದು ಬಿಡಲಿಲ್ಲ. ಫೋಟೊ ಅರ್ಧ ಗಂಟೆ ಕಾಯಬೇಕಾಯಿತು.

ಹೊರಡುವಾಗ ಬಾಗಿಲ ಹತ್ತಿರ ವಾಯೊಲೆಟ್ ತಮ್ಮ ಜೀವಮಾನದ ಮೊದಲ ಸುಳ್ಳು ವರದಿ ಕೊಟ್ಟರು. "ಮೇಡಂ, ಫೋಟೊದಲ್ಲಿ ಸೈಕಲ್‌ನ ಹಿಂದಿನ ಚಕ್ರ ಬರ್ಲಿಲ್ಲ. ನಾಳೆ ಇದೇ ಹೊತ್ತಿಗೆ ಒಮ್ಮೆ ಬರ್ಲಿಕ್ಕೆ ಆಗ್ತದಾ?"

"ಬಂದಿದೆಯಲ್ಲ ಸಿಸ್ಟರ್, ಎರಡೂ ಚಕ್ರ ಬಂದಿದೆ," ಎಂದ ವಿಖ್ಯಾತ್, ಕ್ಯಾಮೆರಾ ತೋರಿಸುತ್ತ.

"ಇಲ್ಲ, ಬರ್ಲಿಲ್ಲ," ಎಂದರು ವಾಯೊಲೆಟ್.

ಕೆಳಗೆ ಕಾರಿನಲ್ಲಿ ಎಲ್ಲವನ್ನೂ ಕೇಳಿದ ರೊಕಿ ಒಂದನ್ನು ಮಾತ್ರ ನಂಬಲಿಲ್ಲ. "ದೃಷ್ಟಿ ಅಂದಾಗ ನೀನು ಸುಮ್ಮನಿದ್ದಿಯಾ? ನೀನು?"

ಭಾನುವಾರ ನೀರಜಾಕ್ಷಿ ಬಂದರು, ಹಿಂದಿನ ಚಕ್ರಕ್ಕಾಗಿ. ಸೋಮವಾರ ಬಂದದ್ದು ನಿಲುವಂಗಿಯ ಸುಕ್ಕಿನ ಕಾರಣಕ್ಕೆ. ದಿನವೂ ಎಸಿ, ಬೆಲ್ಲ, ಎರಡು ಲೋಟ ನೀರು. ಹೊರಡುವಾಗ ಅವರು ಕುಸುಮಾವತಿಗೆ ಒಂದು ಮಾತು ಹೇಳಿ ಹೋಗುತ್ತಿದ್ದರು: "ಸಂಜೆಗೆ ಪುನಃ ಬಂದ್ರೂ ಬಂದೆ, ಹೇಳ್ಲಿಕ್ಕೆ ಆಗುವುದಿಲ್ಲ." ಅಷ್ಟು ದೊಡ್ಡವರು ಬಂದಾಗ ಕೋಣೆ ಕಾದಿರಬಾರದು ಎಂದು ಎಸಿ ಸಂಜೆಯವರೆಗೂ ಓಡಿತು. ಬಾರದಿದ್ದರೆ ತುಂಬಿಟ್ಟ ಲೋಟವನ್ನು ಚೆಲ್ಲಬಾರದು. ಅದನ್ನು ಕುಡಿದು ಮುಗಿಸಲು ಪ್ರೇರಣಾ ಒಬ್ಬಳೇ ಇದ್ದಳು. ದಿನವೂ ಇಳಿಸಿ ಏರಿಸುವ ಕಷ್ಟ ಬೇಡವೆಂದು ಸೈಕಲ್ ಮೂರನೇ ಮಹಡಿಯಲ್ಲೇ ಉಳಿಯಿತು. ಕುಸುಮಾವತಿ ಅದರ ಮೇಲೆ ಮಗುವಿನ ಬಟ್ಟೆ ಒಣಹಾಕಿದರು. ಸಮಿತಿಯ ಸೈಕಲ್ಲಿನಿಂದ ಇದುವರೆಗೆ ಆದ ಸೇವೆಯಲ್ಲಿ ಇದೇ ದೊಡ್ಡದು.

ಮಂಗಳವಾರಕ್ಕೆ ವಾಯೊಲೆಟ್ ಹೊಸ ನೆಪ ಹುಡುಕುತ್ತ ಬಂದರೆ, ನೀರಜಾಕ್ಷಿ ಆಗಲೇ ಮಂಚದ ಬಳಿ ಕುಳಿತಿದ್ದರು. ಹತ್ತಿಯ ಸೀರೆ, ಮುಖಕ್ಕೆ ಏನೂ ಇಲ್ಲ. ವಿಖ್ಯಾತ್ ಬಂದಿರಲಿಲ್ಲ.

"ಮೇಡಂ, ಇವತ್ತಿನ ಫೋಟೊ..."

"ಫೋಟೊ ಎಂಥದ್ದಕ್ಕೆ ಸಿಸ್ಟರ್?" ಮಗುವಿನ ಅಂಗಾಲು ಉಜ್ಜುತ್ತ ನೀರಜಾಕ್ಷಿ ತಲೆಯೆತ್ತಲಿಲ್ಲ. "ಸೈಕಲ್‌ಗೆ ಇರುವುದೇ ಎರಡು ಚಕ್ರ ಅಲ್ವಾ?"

ಬುಧವಾರವೂ ಅವರು ಬಂದರು. ಗುರುವಾರ ಆರೋಗ್ಯ ಕೇಂದ್ರದಲ್ಲಿ ಮಗು ಮೂರು ಕಿಲೋ ಇಪ್ಪತ್ತು ಗ್ರಾಂ ತೂಗಿತು. ಡಾಕ್ಟರು ಆಸ್ಪತ್ರೆಯ ಮಾತೆತ್ತದೆ, ಮುಂದಿನ ತಿಂಗಳು ಲಸಿಕೆಗೆ ಬನ್ನಿ ಎಂದರು. ಪ್ರೇರಣಾ ಹೊರಗೆ ಬಂದು, ಮಗುವನ್ನು ಎದೆಗೆ ಒತ್ತಿಕೊಂಡು ಬೆಂಚಿನ ಮೇಲೆ ಕುಳಿತಳು.

"ನೋಡಿದ್ರಾ ಬಾಯಮ್ಮ," ಎಂದರು ಕುಸುಮಾವತಿ, "ನನ್ನ ಕಷಾಯ."

"ಹೌದಮ್ಮ," ಎಂದರು ವಾಯೊಲೆಟ್.

ಸಮಿತಿಯ ಉದ್ಘಾಟನೆ ಜುಲೈ ಕೊನೆಯ ಗುರುವಾರ ಸಂಜೆ, ಮನಾಮದ ಒಂದು ಸಭಾಂಗಣದಲ್ಲಿ ನಡೆಯಿತು. ವಾಯೊಲೆಟ್ ವೇದಿಕೆಯ ಎಡಗಡೆಯಿಂದ ಬಲಗಡೆಗೆ ಸೈಕಲ್ ಮೇಲೆ ಬಂದರು. ನಿಲುವಂಗಿಯ ಮರೆಯಲ್ಲಿ ಬಗ್ಗಿ ಕ್ಯಾರಿಯರ್ ಹಿಡಿದಿದ್ದ ರೊಕಿಯನ್ನು ಮೊದಲ ಎರಡು ಸಾಲಿನವರು ಮಾತ್ರ ಕಂಡರು. ವಸಂತಕುಮಾರರು ವರದಿ ಓದಿದರು: ಸಮಿತಿ ಒಂದೇ ತಿಂಗಳಲ್ಲಿ ಸಾವಿರದ ಇನ್ನೂರು ತಾಯಂದಿರನ್ನು ತಲುಪಿದೆ. ಅದು ಅಚ್ಚಾದ ಕರಪತ್ರಗಳ ಸಂಖ್ಯೆ.

ಶಿಶುಗಳಿಗೆ ಉಡುಗೊರೆಯೂ ಇತ್ತು. ತುಳುವಿನಲ್ಲಿ ಬಾಲೆ ಎಂದರೆ ಹೆಣ್ಣಾಗಲಿ ಗಂಡಾಗಲಿ, ಎಳೆಯ ಮಗು. 'ಬಾಲೆಗಳಿಗೆ ನಲವತ್ತು ಅಂಗಿ ತರಿಸು' ಎಂದು ಅಧ್ಯಕ್ಷರು ಫೋನಿನಲ್ಲಿ ಹೇಳಿದ್ದನ್ನು ವಿಖ್ಯಾತ್ ಬೆಂಗಳೂರಿನ ಕಿವಿಯಿಂದ ಕೇಳಿಸಿಕೊಂಡಿದ್ದ. ನಲವತ್ತೂ ಗುಲಾಬಿ ಬಣ್ಣದ, ಜಾಲರಿಯ ಫ್ರಾಕು. ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಕುಸುಮಾವತಿ ಮೊಮ್ಮಗನಿಗೆ ಅಲ್ಲೇ ತೊಡಿಸಿದರು. ಮೂರನೇ ಸಾಲಿನಲ್ಲಿ ಪ್ರೇರಣಾಳ ತೊಡೆಯ ಮೇಲೆ ಅವನು ಫ್ರಾಕು ಜಗಿಯುತ್ತಿದ್ದ.

ಕೊನೆಗೆ ವಿಖ್ಯಾತ್ ವಾಯೊಲೆಟ್‌ರನ್ನು ಮೈಕಿನ ಮುಂದೆ ಕರೆದ. ಅವರು ಶುರುಮಾಡಿದರೆ ನಿಲ್ಲಿಸುವುದಿಲ್ಲ ಎಂದು ಯಾರೋ ಅವನಿಗೆ ಎಚ್ಚರಿಕೆ ಕೊಟ್ಟಿದ್ದರು. "ಸಿಸ್ಟರ್, ಟೈಮ್ ಕಮ್ಮಿ ಇದೆ. ನಮ್ಮ ಸಮಿತಿ ಇದುವರೆಗೂ ಏನು ಸಾಧನೆ ಮಾಡಿದೆ ಅನ್ನೋದನ್ನ ಒಂದೇ ಒಂದು ನಂಬರ್‌ನಲ್ಲಿ ಹೇಳ್ಬಿಡಿ."

ವಸಂತಕುಮಾರರು ಸಾವಿರದ ಇನ್ನೂರಕ್ಕೆ ಚಪ್ಪಾಳೆ ತಟ್ಟಲು ಕೈ ಎತ್ತಿಟ್ಟುಕೊಂಡರು. ಅವರ ಪಕ್ಕದ ಕುರ್ಚಿಯಲ್ಲಿದ್ದ ನೀರಜಾಕ್ಷಿ ಮೂರನೇ ಸಾಲನ್ನು ನೋಡುತ್ತಿದ್ದರು. ವಾಯೊಲೆಟ್ ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡರು.

"ನಾಲ್ಕು ಕಿಲೋ ನೂರ ಐವತ್ತು," ಎಂದರು.